ಮೆಣಸಿನಕಾಯಿಯ ಕೆಂಪು, ಕ್ಯಾಮೆರಾದ ಕೆಂಪು

ಗದಗ ತಾಲ್ಲೂಕಿನ ಅಸುಂಡಿಯ ರೈತರೊಬ್ಬರು ಅಂಗಳದಲ್ಲಿ ಬ್ಯಾಡಗಿ ಮೆಣಸಿನಕಾಯಿ ಒಣಹಾಕಿದ್ದಾರೆ ಎಂದಿಟ್ಟುಕೊಳ್ಳಿ. ಮಾಲು ಪೇಟೆಗೆ ಒಯ್ಯುವ ಮೊದಲು ಅದರ ಫೋಟೋ ಕಳಿಸಿರೆಂದು ವ್ಯಾಪಾರಿ ಕೇಳುತ್ತಾನೆ. ಪಿಯುಸಿ ಓದುವ ಮಗಳು ಮೊಬೈಲಿನಲ್ಲಿ ಮೂರು ಚಿತ್ರ ತೆಗೆಯುತ್ತಾಳೆ. ನಡುಹಗಲಿನ ಬಿಸಿಲಿನಲ್ಲಿ ಒಂದು, ಬೇವಿನ ಮರದ ನೆರಳಿನಲ್ಲಿ ಒಂದು, ರಾತ್ರಿ ಪಡಸಾಲೆಯ ಬಲ್ಬಿನ ಕೆಳಗೆ ಇನ್ನೊಂದು. ಕಾಯಿ ಅದೇ, ಕ್ಯಾಮೆರಾ ಅದೇ. ಕೆಂಪು ಮಾತ್ರ ಮೂರು ಬಗೆ! ಇವುಗಳಲ್ಲಿ ನಿಜವಾದ ಕೆಂಪು ಯಾವುದು?

ಇದು ಬರೀ ಅಂದಚಂದದ ಪ್ರಶ್ನೆಯಲ್ಲ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ. ಅದರಿಂದ ತೆಗೆದ ಕೆಂಪು ರಸ ತಿಂಡಿತಿನಿಸುಗಳಿಂದ ಹಿಡಿದು ತುಟಿರಂಗಿನವರೆಗೆ ಬಳಕೆಯಾಗುತ್ತದೆ. ಚಿತ್ರದಲ್ಲಿ ಬಣ್ಣ ಮಾಸಿದಂತೆ ಕಂಡರೆ ವರ್ಷದ ದುಡಿಮೆಗೆ ಪೆಟ್ಟು.

ಈ ಗೊಂದಲದ ಮೂಲ ಕ್ಯಾಮೆರಾದ ಒಳಗೇ ಇದೆ. ಅದರ ಸಂವೇದಕದಲ್ಲಿ ಲಕ್ಷಾಂತರ ಪುಟ್ಟ ಬೆಳಕಿನ ಗುಂಡಿಗಳಿವೆ. ಒಂದೊಂದೂ ಎಷ್ಟು ಬೆಳಕು ಬಿತ್ತೆಂದು ಎಣಿಸಬಲ್ಲದೇ ಹೊರತು ಅದರ ಬಣ್ಣವನ್ನು ಅರಿಯದು. ಅದಕ್ಕಾಗಿ ಒಂದೊಂದು ಗುಂಡಿಯ ಮೇಲೂ ಕೆಂಪು, ಹಸಿರು ಅಥವಾ ನೀಲಿ ಸೋಸುಕವನ್ನು ಕೂಡಿಸಿರುತ್ತಾರೆ. ಪ್ರತಿ ನಾಲ್ಕರಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ರೂಪಿಸಿದ ಈ ಜೋಡಣೆಗೆ 1976ರ ಜುಲೈ 20ರಂದು ಅಮೆರಿಕದ ಪೇಟೆಂಟ್ ದೊರೆಯಿತು.

ಹೀಗೆ ಎಣಿಸಿದ ಅಂಕಿಗಳನ್ನು ಬಹುತೇಕ ಹಾಗೆಯೇ ತುಂಬಿಟ್ಟ ಕಡತವೇ 'ರಾ' ಚಿತ್ರ, ಅಂದರೆ ಕಚ್ಚಾ ಚಿತ್ರ. ಮಾಮೂಲಿ ಜೆಪೆಗ್ ಚಿತ್ರ ಅಡುಗೆಯಾಗಿ ತಟ್ಟೆಗೆ ಬಂದ ಊಟವಿದ್ದಂತೆ; ಉಪ್ಪು ಖಾರವೆಲ್ಲ ಕ್ಯಾಮೆರಾವೇ ಹಾಕಿರುತ್ತದೆ. ಕಚ್ಚಾ ಚಿತ್ರವಾದರೋ ಬುಟ್ಟಿಯಲ್ಲಿರುವ ಕಾಯಿಪಲ್ಲೆ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳಿದ್ದರೆ, 12 ಬಿಟ್ ಕಚ್ಚಾ ಚಿತ್ರದಲ್ಲಿ 4096, 14 ಬಿಟ್‌ನದರಲ್ಲಿ 16384. ಆದ್ದರಿಂದಲೇ ಬಣ್ಣ ತಿದ್ದಲು ಕಚ್ಚಾ ಚಿತ್ರ ಹೆಚ್ಚು ಅನುಕೂಲ.

ತಿದ್ದುವಾಗ ಮೊದಲ ಹೆಜ್ಜೆ ಬಿಳಿಯನ್ನು ಬಿಳಿಯಾಗಿಸುವುದು. ಹಳೆಯ ತಂತಿ ಬಲ್ಬಿನ ಬೆಳಕು ಸುಮಾರು 2800 ಕೆಲ್ವಿನ್, ನಡುಹಗಲಿನದು ಸುಮಾರು 5500; ನೀಲಿ ಆಕಾಶದ ಬೆಳಕಷ್ಟೇ ಬೀಳುವ ನೆರಳಿನಲ್ಲಿ 7000ಕ್ಕೂ ಹೆಚ್ಚು. ಅಂಕಿ ಕಡಿಮೆಯಾದಷ್ಟೂ ಬೆಳಕಿನಲ್ಲಿ ಹಳದಿ ಕೆಂಪು ಹೆಚ್ಚು. ನಮ್ಮ ಕಣ್ಣು ಮಿದುಳು ಇದನ್ನು ತಾವೇ ಸರಿದೂಗಿಸಿಕೊಳ್ಳುತ್ತವೆ. ಹೀಗಾಗಿ ಪಂಚೆ ಬಲ್ಬಿನ ಕೆಳಗೂ ಬಿಳಿಯಾಗಿಯೇ ಕಾಣುತ್ತದೆ. ಸಂವೇದಕಕ್ಕೆ ಆ ಜಾಣತನವಿಲ್ಲ. ಬಲ್ಬಿನ ಕೆಳಗೆ ಬೂದುಬಣ್ಣದ ರಟ್ಟೊಂದಕ್ಕೆ ಅದು ಕೆಂಪು 1200, ಹಸಿರು 1600, ನೀಲಿ 640 ಎಂದು ಓದಿತೆನ್ನಿ. ಬೂದುಬಣ್ಣದಲ್ಲಿ ಮೂರೂ ಸಮವಿರಬೇಕಲ್ಲವೇ? ಕೆಂಪನ್ನು 1.33ರಿಂದಲೂ ನೀಲಿಯನ್ನು 2.5ರಿಂದಲೂ ಗುಣಿಸಿದರೆ ಮೂರೂ 1600ರ ಹತ್ತಿರ ಬರುತ್ತವೆ. ಅದೇ ಗುಣಕಗಳನ್ನು ಇಡೀ ಚಿತ್ರಕ್ಕೆ ಅನ್ವಯಿಸುತ್ತಾರೆ. 'ವೈಟ್ ಬ್ಯಾಲೆನ್ಸ್' ಎಂದರೆ ಇಷ್ಟೇ, ಏಳನೇ ತರಗತಿಯ ಗಣಿತ!

ಬಿಳಿ ಸರಿಹೋದ ಮಾತ್ರಕ್ಕೆ ಕೆಂಪು ಸರಿಹೋಗುವುದಿಲ್ಲ. ಕ್ಯಾಮೆರಾದ ಸೋಸುಕಗಳು ನಮ್ಮ ಕಣ್ಣಿನ ಶಂಕುಕೋಶಗಳ ಯಥಾಪ್ರತಿಯಲ್ಲ. ತಕ್ಕಡಿಯನ್ನು ಮುದ್ರೆಯೊತ್ತಿದ ಬೊಟ್ಟಿನಿಂದ ಪರೀಕ್ಷಿಸುವಂತೆ ಕ್ಯಾಮೆರಾವನ್ನೂ ಗೊತ್ತಿರುವ ಬಣ್ಣಗಳಿಂದ ಪರೀಕ್ಷಿಸಬೇಕು. ಇದಕ್ಕೆಂದೇ 1976ರಲ್ಲಿ ಬಂದ ಕಲರ್‌ಚೆಕರ್ ಎಂಬ ಫಲಕದಲ್ಲಿ 24 ಚೌಕಗಳಿವೆ. ಒಂದೊಂದು ಚೌಕದ ಬಣ್ಣವನ್ನೂ ಉಪಕರಣದಿಂದ ಅಳೆದಿಟ್ಟಿರುತ್ತಾರೆ. ಫಲಕದ ಕಚ್ಚಾ ಚಿತ್ರ ತೆಗೆದು, ಕ್ಯಾಮೆರಾ ಕೊಟ್ಟ ಅಂಕಿಗಳನ್ನು ನಿಜವಾದ ಅಂಕಿಗಳ ಸಮೀಪಕ್ಕೆ ತರುವ ಒಂಬತ್ತು ಸಂಖ್ಯೆಗಳ ಕೋಷ್ಟಕವನ್ನು ಕಂಪ್ಯೂಟರ್ ಹುಡುಕುತ್ತದೆ. ಪಿಯುಸಿಯಲ್ಲಿ ಕಲಿಯುವ 3×3 ಮಾತೃಕೆಯೇ ಅದು. ಬೆಳಕು ಬದಲಾದರೆ ಕೋಷ್ಟಕವೂ ಬದಲಾಗಬೇಕು.

ಇದನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ದೊಡ್ಡವರದೇ ನಿದರ್ಶನವಿದೆ. ಬೇಯರ್‌ಗೆ ಪೇಟೆಂಟ್ ಸಿಕ್ಕ ದಿನವೇ, 1976ರ ಜುಲೈ 20ರಂದು, ನಾಸಾದ ವೈಕಿಂಗ್-1 ನೌಕೆ ಮಂಗಳದ ಮೇಲೆ ಇಳಿಯಿತು. ಮರುದಿನ ಬಿಡುಗಡೆಯಾದ ಮೊದಲ ಬಣ್ಣದ ಚಿತ್ರದಲ್ಲಿ ಮಂಗಳದ ಆಕಾಶ ನಮ್ಮೂರಿನ ಆಕಾಶದಂತೆ ತಿಳಿನೀಲಿಯಾಗಿತ್ತು! ನೌಕೆಯ ಮೈಮೇಲಿದ್ದ ಗೊತ್ತಿರುವ ಬಣ್ಣದ ಬಿಲ್ಲೆಗಳೊಂದಿಗೆ ತಾಳೆ ನೋಡಿ ತಿದ್ದಿದ ಮೇಲೆ ಧೂಳು ತುಂಬಿದ ಗುಲಾಬಿ ಛಾಯೆಯ ಆಕಾಶ ಕಾಣಿಸಿತು. ನಮ್ಮ ಮಂಗಳಯಾನವೂ ಬೇಯರ್ ಜೋಡಣೆಯ ಬಣ್ಣದ ಕ್ಯಾಮೆರಾವನ್ನೇ ಹೊತ್ತು ಹೋಗಿತ್ತು. 2014ರ ಸೆಪ್ಟೆಂಬರ್ 24ರಂದು ಮಂಗಳದ ಕಕ್ಷೆ ಸೇರಿದ ಆ ನೌಕೆಯ ಮಾಹಿತಿಯನ್ನು ಬೆಂಗಳೂರಿನ ಬಳಿಯ ಬ್ಯಾಲಾಳುವಿನ ದೊಡ್ಡ ಆಂಟೆನಾಗಳು ಹಿಡಿಯುತ್ತಿದ್ದವು. ಆಕಾಶದಿಂದ ಬರುವುದು ಬಣ್ಣವಲ್ಲ, ಅಂಕಿಗಳು. ಬಣ್ಣವಾಗುವುದು ಇಲ್ಲಿ ಲೆಕ್ಕ ಮಾಡಿದ ಮೇಲೆ.

ಮನೆಯಲ್ಲಿ ಮಾಡಿ ನೋಡಲು ದುಬಾರಿ ಫಲಕವೇ ಬೇಕೆಂದಿಲ್ಲ. ಅನೇಕ ಮೊಬೈಲ್‌ಗಳ 'ಪ್ರೊ' ವಿಭಾಗದಲ್ಲಿ ಕಚ್ಚಾ ಚಿತ್ರ ತೆಗೆಯುವ ಸೌಲಭ್ಯವಿದೆ. ಮೆಣಸಿನಕಾಯಿಯ ಪಕ್ಕದಲ್ಲಿ ಬಿಳಿಯ ವಸ್ತುವೊಂದನ್ನಿಟ್ಟು ಚಿತ್ರ ತೆಗೆಯಿರಿ. ಹಾಳೆ ಬೇಡ, ಅದರಲ್ಲಿ ನೀಲಿ ಹೊಳಪು ಕೊಡುವ ರಾಸಾಯನಿಕವಿರುತ್ತದೆ. ನಲ್ಲಿ ಜೋಡಿಸುವವರು ಬಳಸುವ ಬಿಳಿ ಟೆಫ್ಲಾನ್ ಟೇಪನ್ನು ಹತ್ತಾರು ಸುತ್ತು ಸುತ್ತಿಟ್ಟರೆ ಸಾಕು. ಆಮೇಲೆ ಕಂಪ್ಯೂಟರಿನಲ್ಲಿ ಡಾರ್ಕ್‌ಟೇಬಲ್ ಅಥವಾ ರಾಥೆರಪಿಯಂಥ ಉಚಿತ ತಂತ್ರಾಂಶ ತೆರೆದು, ಆ ಟೇಪನ್ನೇ ಬಿಳಿಯೆಂದು ತೋರಿಸಿ. ಮೂರು ಕೆಂಪುಗಳೂ ಒಂದಕ್ಕೊಂದು ಎಷ್ಟು ಹತ್ತಿರ ಬರುತ್ತವೆ, ನೋಡಿ.

ಹತ್ತಿರ ಬರುತ್ತವೆ, ಒಂದೇ ಆಗುವುದಿಲ್ಲ. ಕಡು ಬಿಸಿಲಿನಲ್ಲಿ ಕೆಂಪು ಗುಂಡಿ ತುಂಬಿ ತುಳುಕಿದರೆ ಹೊರಚೆಲ್ಲಿದ ಅಂಕಿ ಮರಳಿ ಸಿಗದು. ಅಗ್ಗದ ಎಲ್ಇಡಿ ದೀಪದ ಬೆಳಕಿನಲ್ಲಿ ಗಾಢ ಕೆಂಪೇ ಕಡಿಮೆಯಿದ್ದರೆ, ಇಲ್ಲದ್ದನ್ನು ಯಾವ ಕೋಷ್ಟಕವೂ ತಂದುಕೊಡದು. ಕೊನೆಗೆ ನೋಡುವವರ ಮೊಬೈಲ್ ಪರದೆಯೂ ತನ್ನದೇ ಬಣ್ಣ ಸೇರಿಸುತ್ತದೆ. ಮೆಣಸಿನಕಾಯಿಯ ಬಣ್ಣವನ್ನು ಖಚಿತವಾಗಿ ತಿಳಿಯಲು ಪ್ರಯೋಗಾಲಯವೇ ಬೇಕು. ಅಲ್ಲಿ ಪುಡಿಯನ್ನು ಅಸಿಟೋನ್‌ನಲ್ಲಿ ನೆನೆಸಿ, ಬಂದ ರಸ 460 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆಂದು ಅಳೆದು 'ಆಸ್ಟಾ' ಮಾನದಲ್ಲಿ ಹೇಳುತ್ತಾರೆ.

ಆದ್ದರಿಂದ ತಂದೆತಾಯಂದಿರು ಫೋಟೋ ನೋಡಿಯೇ ಮಾಲಿಗೆ ಬೆಲೆ ಕಟ್ಟುವುದಾಗಲೀ, ಕೂಸಿನ ಮೈ ಹಳದಿಯೋ ಅಲ್ಲವೋ ಎಂದು ತೀರ್ಮಾನಿಸುವುದಾಗಲೀ ಬೇಡ. ಮಾಲನ್ನು ವ್ಯಾಪಾರಿಗೆ ಎದುರಿಗೇ ತೋರಿಸಿ. ಕೂಸನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ. ಮಕ್ಕಳೇ, ಮುಂದಿನ ಸಲ ಚಿತ್ರವೊಂದರ ಬಣ್ಣ ಕಂಡು ಬೆರಗಾದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಯಾವ ಬೆಳಕಿನಲ್ಲಿ ತೆಗೆದದ್ದು, ಯಾವ ಬಿಳಿಯೊಂದಿಗೆ ತಾಳೆ ನೋಡಿದ್ದು?