ಮಿಡಿ ಕೀಬೋರ್ಡ್ ತಂದರೆ ಸದ್ದೇ ಬರಲಿಲ್ಲ! ಅಂಗಡಿಯವರ ಮೋಸವೇ, ನಮ್ಮ ತಪ್ಪು ತಿಳಿವಳಿಕೆಯೇ?

ಬನಶಂಕರಿ ಎರಡನೇ ಹಂತದಲ್ಲಿರುವ ನಮ್ಮ ಚಿಕ್ಕಮ್ಮ ಕಳೆದ ತಿಂಗಳು ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದರು. ಅವರ ಮಗಳು ಪಿಯುಸಿ ಓದುತ್ತಿದ್ದಾಳೆ, ಏಳು ವರ್ಷದಿಂದ ಕರ್ನಾಟಕ ಸಂಗೀತದ ಪಾಠಕ್ಕೂ ಹೋಗುತ್ತಿದ್ದಾಳೆ. ತಾನು ಹಾಡಿದ್ದಕ್ಕೆ ತಾನೇ ಹಿನ್ನೆಲೆ ಸಂಗೀತ ಕೂಡಿಸಬೇಕೆಂಬ ಆಸೆ ಅವಳಿಗೆ. "ಹನ್ನೆರಡು ಸಾವಿರ ಕೊಟ್ಟು ಮಿಡಿ ಕೀಬೋರ್ಡ್ ತಂದಿದ್ದೀವಿ ಕಣೇ, ಯಾವ ಕೀ ಒತ್ತಿದ್ರೂ ಸದ್ದೇ ಇಲ್ಲ. ಒಳಗೆ ಸ್ಪೀಕರೇ ಇಲ್ವಂತೆ. ಪೆಟ್ಟಿಗೆ ಒಡೆದಾಯ್ತು, ವಾಪಸ್ ತಗೊಳ್ಳಲ್ಲ ಅಂತಾರೆ ಅಂಗಡಿಯವರು" ಎಂದು ಗೋಳಾಡಿದರು.

ಅಷ್ಟರಲ್ಲಿ ಅವರು ಸುಮ್ಮನೆ ಕುಳಿತಿರಲಿಲ್ಲ. "ಎಚ್ಚರಿಕೆ! ಮಿಡಿ ಕೀಬೋರ್ಡ್ ಹೆಸರಲ್ಲಿ ಖಾಲಿ ಡಬ್ಬ ಮಾರುತ್ತಿದ್ದಾರೆ" ಎಂದು ಬರೆದು ಮನೆಯವರ ಗ್ರೂಪಿಗೂ ಅಪಾರ್ಟ್‌ಮೆಂಟ್ ಗ್ರೂಪಿಗೂ ಕಳಿಸಿಬಿಟ್ಟಿದ್ದರು. ನಾಲ್ಕು ದಿನ ಕಳೆದ ಮೇಲೆ ಅದೇ ಸಂದೇಶ ಜೆ.ಪಿ. ನಗರದ ಗೆಳತಿಯೊಬ್ಬಳಿಂದ ನನಗೆ ಬಂತು. ಬರುವಷ್ಟರಲ್ಲಿ ಅದಕ್ಕೆ ಬಾಲ ಬೆಳೆದಿತ್ತು. 88 ಕೀ ಇಲ್ಲದ್ದನ್ನು ಕೊಳ್ಳಬೇಡಿ, ಇದರಲ್ಲಿ ನುಡಿಸಿದರೆ ಮಕ್ಕಳ ಗಮಕ ಹಾಳಾಗುತ್ತದೆ, ಇದು 440 ಹರ್ಟ್ಸ್‌ನಲ್ಲಿರುವುದರಿಂದ ಮನಸ್ಸಿಗೆ ಅಪಾಯ, ಹೀಗೆ. ಇವುಗಳಲ್ಲಿ ಒಂದು ಪೂರ್ತಿ ಸುಳ್ಳು, ಒಂದು ಮುಕ್ಕಾಲು ಸುಳ್ಳು. ಗಮಕದ ಮಾತಿನಲ್ಲಿ ಮಾತ್ರ ನಿಜಾಂಶವಿದೆ, ಅದಕ್ಕೇ ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಸದ್ದು ಏಕೆ ಬರಲಿಲ್ಲ?

ಮಿಡಿ ಎಂದರೆ ಸಂಗೀತದ ಯಂತ್ರಗಳು ಒಂದರೊಡನೊಂದು ಮಾತನಾಡಲು ಬಳಸುವ ಭಾಷೆ. 1980ರ ದಶಕದ ಆರಂಭದಲ್ಲಿ ಒಂದು ಕಂಪನಿಯ ಸಿಂಥಸೈಸರ್ ಇನ್ನೊಂದು ಕಂಪನಿಯದರ ಜೊತೆ ಹೊಂದುತ್ತಿರಲಿಲ್ಲ. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ರೋಲ್ಯಾಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಮುಂದೆ ನಿಂತು ಎಲ್ಲರಿಗೂ ಒಪ್ಪುವ ಒಂದು ನಿಯಮ ರೂಪಿಸಿದರು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಪ್ರದರ್ಶನವೊಂದರಲ್ಲಿ ಎರಡು ಬೇರೆ ಬೇರೆ ಕಂಪನಿಗಳ ವಾದ್ಯಗಳನ್ನು ತಂತಿಯಿಂದ ಜೋಡಿಸಿ ತೋರಿಸಲಾಯಿತು. ಇದಕ್ಕಾಗಿ ಇಬ್ಬರಿಗೂ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಗೌರವ ಸಿಕ್ಕಿತು.

ಈ ಭಾಷೆಯಲ್ಲಿ ಸದ್ದು ಹರಿಯುವುದಿಲ್ಲ, ಸೂಚನೆ ಮಾತ್ರ ಹರಿಯುತ್ತದೆ. ನೀವು ಒಂದು ಕೀ ಒತ್ತಿದರೆ "60ನೇ ಸ್ವರ ಒತ್ತಿದ್ದಾರೆ, 90ರಷ್ಟು ಜೋರಾಗಿ ಒತ್ತಿದ್ದಾರೆ" ಎಂಬ ಪುಟ್ಟ ಸಂದೇಶ ಹೊರಡುತ್ತದೆ, ಅಷ್ಟೇ. ಅದನ್ನು ಓದಿ ಪಿಯಾನೊ, ಕೊಳಲು, ಪಿಟೀಲು ಯಾವುದೋ ಒಂದರ ನಾದ ಹೊರಡಿಸುವ ಕೆಲಸ ಫೋನ್ ಅಥವಾ ಕಂಪ್ಯೂಟರಿನಲ್ಲಿರುವ ಆ್ಯಪ್‌ನದು. ಟಿವಿ ರಿಮೋಟಿನಲ್ಲಿ ಸಿನಿಮಾ ಕಾಣುವುದಿಲ್ಲವಲ್ಲ, ಹಾಗೆ. ಇಪ್ಪತ್ತು ವರ್ಷದ ಹಿಂದಿನ ಫೋನುಗಳಲ್ಲಿ 'ಪಾಲಿಫೋನಿಕ್' ರಿಂಗ್‌ಟೋನ್ ಎಂದು ಬರುತ್ತಿತ್ತು, ನೆನಪಿದೆಯೇ? ಅವು ಹೆಚ್ಚಾಗಿ ಮಿಡಿ ಫೈಲುಗಳೇ. ಸಿ.ಡಿ. ಗುಣಮಟ್ಟದ ಮೂರು ನಿಮಿಷದ ಹಾಡಿಗೆ ಸುಮಾರು 30 ಎಂಬಿ ಬೇಕು. ಅದೇ ಹಾಡಿನ ಸೂಚನೆಗಳಿಗಷ್ಟೇ ಆದರೆ ಕೆಲವು ಹತ್ತು ಕೆಬಿ ಸಾಕು.

ಹಾಗಾಗಿ ಮಿಡಿ ಕಂಟ್ರೋಲರ್‌ನಲ್ಲಿ ಸ್ಪೀಕರ್ ಇಲ್ಲದಿರುವುದು ಮೋಸವಲ್ಲ. 'ಕೀಬೋರ್ಡ್ ಕೊಡಿ' ಎಂದವರಿಗೆ ಈ ವ್ಯತ್ಯಾಸ ಹೇಳದೆ ಕೊಟ್ಟದ್ದು ತಪ್ಪೋ ಅಲ್ಲವೋ ಎಂದು ಕೇಳಿದರೆ, ತಪ್ಪೇ ಅನ್ನುತ್ತೇನೆ. ಪೆಟ್ಟಿಗೆಯ ಮೇಲೆ 'ಕಂಟ್ರೋಲರ್' ಎಂದಿದ್ದರೆ ಸದ್ದು ಅದರೊಳಗಿಲ್ಲ ಎಂದೇ ಸಾಮಾನ್ಯವಾಗಿ ತಿಳಿಯಬೇಕು. ಸ್ಪೀಕರ್ ಇರುವ ಮಾಮೂಲಿ ಕೀಬೋರ್ಡ್ ಈಗಾಗಲೇ ಮನೆಯಲ್ಲಿದ್ದರೆ ಅದರ ಹಿಂಬದಿ ನೋಡಿ. ಯುಎಸ್‌ಬಿ ಮಿಡಿ ಸೌಲಭ್ಯ ಇದ್ದರೆ ಹೊಸದನ್ನು ಕೊಳ್ಳುವ ಅಗತ್ಯವೇ ಬಾರದಿರಬಹುದು.

88 ಮನೆ ಬೇಕೇ?

ಪಿಯಾನೊ ಕಲಿತು ಎರಡೂ ಕೈಯಲ್ಲಿ ನುಡಿಸುವವರಿಗೆ ಬೇಕು. ಅವರಿಗೆ ಪಿಯಾನೊದಂತೆ ತೂಕವಿರುವ ಕೀಗಳೂ ಬೇಕು. ಆದರೆ ಬಿ.ಟಿ.ಎಂ. ಲೇಔಟಿನ ಪಿ.ಜಿ. ಕೋಣೆಯಲ್ಲಿ ಮಂಚದ ಮೇಲೆ ಕುಳಿತು ಹಾಡು ಕಟ್ಟುವ ಹುಡುಗನಿಗೆ 88 ಕೀ ಎಂದರೆ ಇನ್ನೊಂದು ಮಂಚ. ಈ ಲೆಕ್ಕ ನಮ್ಮ ಸಂಗೀತದಲ್ಲೇ ಇದೆ: ಮಂದ್ರ ಪಂಚಮದಿಂದ ತಾರ ಪಂಚಮಕ್ಕೆ ಎರಡು ಸ್ಥಾಯಿ. ಎರಡು ಸ್ಥಾಯಿಗೆ 24 ಮನೆ, ಕೊನೆಯ ಸ್ವರ ಸೇರಿ 25. ಅಂಗಡಿಯಲ್ಲಿ ಸಿಗುವ ಚಿಕ್ಕ ಕಂಟ್ರೋಲರ್‌ನಲ್ಲಿ ಇರುವುದೂ ಅಷ್ಟೇ. ಅದರ ಸಾಲು ಸಾಮಾನ್ಯವಾಗಿ 'ಸಿ'ಯಿಂದ ಶುರುವಾಗುವುದರಿಂದ ಅಂಚಿಗೆ ಬಂದಾಗ ಆಕ್ಟೇವ್ ಗುಂಡಿ ಒತ್ತಿ ಮೇಲೆ ಕೆಳಗೆ ಹೋಗಬೇಕು. ಎಡಗೈಯಲ್ಲಿ ಕಾರ್ಡ್ ಹಿಡಿದು ಬಲಗೈಯಲ್ಲಿ ರಾಗ ನುಡಿಸುವ ಸಿನಿಮಾ ಹಾಡಿನ ರೀತಿ ಬೇಕಾದರೆ ಮಾತ್ರ ಇದು ಸಾಲದು, 49ಕ್ಕೆ ಹೋಗಿ. ನಾನು ಕಾಲೇಜಿನಲ್ಲಿದ್ದಾಗ ಹಟ ಹಿಡಿದು 61 ಕೀಯದು ಕೊಂಡಿದ್ದೆ. ಈಗ ಅದು ಬೀರುವಿನ ಮೇಲಿದೆ, ಅದರ ಮೇಲೆ ಗೌರಿ ಹಬ್ಬದ ಸಾಮಾನು.

ಇನ್ನೊಂದು ಗುಂಡಿಯ ಬಗ್ಗೆ ಹೆಚ್ಚು ಜನ ಮಾತನಾಡುವುದಿಲ್ಲ, ಹಾಡುವವರಿಗೆ ಅದೇ ಮುಖ್ಯ: ಟ್ರಾನ್ಸ್‌ಪೋಸ್. ನಿಮ್ಮ ಶ್ರುತಿ ಐದೂವರೆ ಮನೆ ಎಂದಿಟ್ಟುಕೊಳ್ಳಿ. ಅದನ್ನು +8 ಅಥವಾ -4ಕ್ಕೆ ಇಟ್ಟರೆ, 'ಸಿ' ಕೀ ಒತ್ತಿದಾಗ ನಿಮ್ಮ ಷಡ್ಜ ನುಡಿಯುತ್ತದೆ. ಶಂಕರಾಭರಣ ಪೂರ್ತಿ ಬಿಳಿ ಕೀಗಳ ಮೇಲೆ ಬರುತ್ತದೆ. ಹೊಸದಾಗಿ ಬೆರಳಿಡುವವರಿಗೆ ಇದರಿಂದ ಅರ್ಧ ಕಷ್ಟ ಕಳೆಯುತ್ತದೆ.

ಗಮಕ ಹಾಳಾಗುತ್ತದೆಯೇ?

ಈ ಆತಂಕ ಮಿಡಿಗಿಂತ ಹಳೆಯದು. ಹಾರ್ಮೋನಿಯಂನ ಸ್ವರಗಳು ಸ್ಥಿರ, ಅದರಲ್ಲಿ ಗಮಕ ಹೊಮ್ಮುವುದಿಲ್ಲ ಎಂಬ ಆಕ್ಷೇಪಗಳ ನಡುವೆ ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಅದನ್ನು ನಿಷೇಧಿಸಿತ್ತು. 1971ರ ಹೊತ್ತಿಗೆ ಅದು ಸಡಿಲವಾಯಿತು. ಅದೇ ಕಾಲದಲ್ಲಿ ನಮ್ಮ ಕಂಪನಿ ನಾಟಕಗಳಲ್ಲಿ ಕಾಲಿನಿಂದ ಒತ್ತುವ ಹಾರ್ಮೋನಿಯಂ ಇಲ್ಲದೆ ರಂಗಗೀತೆಯೇ ಇರಲಿಲ್ಲ! ಇನ್ನು ಬೆಂಗಳೂರಿನ ಮಟ್ಟಿಗೆ ಹೇಳುವುದಾದರೆ, ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ಕೊಳಲು ವಾದಕ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ, ತಂಬೂರಿಗಳು ದಶಕಗಳಿಂದ ಪಾಠದ ಮನೆಗಳಲ್ಲೂ ಕಚೇರಿ ವೇದಿಕೆಗಳಲ್ಲೂ ಇವೆ. ವಿದ್ಯುತ್ತಿನಿಂದ ನಾದ ಕೆಟ್ಟಿತು ಎಂದು ಈಗ ಹೆಚ್ಚಿನವರು ಅನ್ನುವುದಿಲ್ಲ.

ಆದರೂ ಆಕ್ಷೇಪದಲ್ಲಿ ತಿರುಳಿದೆ. ಕೀಬೋರ್ಡ್ ಒಂದು ಸ್ಥಾಯಿಯನ್ನು 12 ಸಮಪಾಲಾಗಿ ಕತ್ತರಿಸುತ್ತದೆ. ತೋಡಿಯ ಗಾಂಧಾರವನ್ನು ಹಾಡುವವರು ಒಂದೇ ಕಡೆ ನಿಲ್ಲಿಸುವುದಿಲ್ಲ. ಅದು ಕೆಳಗೆ ರಿಷಭದ ಕಡೆಗೂ ಮೇಲೆ ಮಧ್ಯಮದ ಕಡೆಗೂ ತೂಗುತ್ತದೆ. ಕೀ ಒತ್ತಿ ಬಿಟ್ಟರೆ ಗಾಂಧಾರದ ಮನೆ ಸಿಗುತ್ತದೆ, ತೋಡಿ ಸಿಗುವುದಿಲ್ಲ.

ಇದಕ್ಕಿರುವ ದಾರಿ ಪಿಚ್ ಬೆಂಡ್. ಕೀಗಳ ಎಡಕ್ಕೆ ಇರುವ ಗಾಲಿಯನ್ನು ತಳ್ಳಿದರೆ ಸ್ವರ ಜಾರುತ್ತದೆ. ಮಿಡಿಯಲ್ಲಿ ಈ ಜಾರುವಿಕೆಗೆ 16,384 ಹೆಜ್ಜೆಗಳಿಗೆ ಅವಕಾಶವಿದೆ, ಆದ್ದರಿಂದ ಭಾಷೆ ಬಡವಾಗಿಲ್ಲ. ಸಾಮಾನ್ಯವಾಗಿ ಅದು ಮೇಲಕ್ಕೆ ಎರಡು, ಕೆಳಕ್ಕೆ ಎರಡು ಮನೆಯಷ್ಟು ಜಾರುವಂತೆ ಹೊಂದಿಸಿರುತ್ತದೆ. ತೋಡಿಯ ಗಾಂಧಾರಕ್ಕೆ ಅದು ಸರಿಸುಮಾರು ಸಾಕು, ಉದ್ದದ ಜಾರು ಬೇಕಾದರೆ ಆ್ಯಪ್‌ನಲ್ಲಿ ಹೆಚ್ಚಿಸಿಕೊಳ್ಳಬೇಕು. ಚೆನ್ನೈನ ಕೆ. ಸತ್ಯನಾರಾಯಣನ್ ಕೀಬೋರ್ಡ್ ಮೇಲೆ ಕರ್ನಾಟಕ ಸಂಗೀತದ ಕಚೇರಿ ಕೊಡುವಾಗ ಅವರ ಎಡಗೈಯನ್ನೇ ಗಮನಿಸಿ. ಬಲಗೈ ಮನೆ ಹಿಡಿಯುತ್ತದೆ, ಎಡಗೈ ಗಮಕ ತೆಗೆಯುತ್ತದೆ.

ಹಾಗಾಗಿ ನಮ್ಮ ಸಂಗೀತಕ್ಕೆ ಕಂಟ್ರೋಲರ್ ಕೊಳ್ಳುವಾಗ ನಾನು ಮೊದಲು ನೋಡುವುದು ಬಣ್ಣದ ಪ್ಯಾಡುಗಳನ್ನಲ್ಲ, ಈ ಗಾಲಿಯನ್ನು. ಎಲ್ಲದರಲ್ಲೂ ಗಾಲಿ ಇರುವುದಿಲ್ಲ. ಅಕಾಯ್ ಎಂಪಿಕೆ ಮಿನಿಯ ಹಲವು ಆವೃತ್ತಿಗಳಲ್ಲಿ ಹೆಬ್ಬೆರಳಿನ ಪುಟ್ಟ ಜಾಯ್‌ಸ್ಟಿಕ್ ಇದೆ, ಆರ್ಟೂರಿಯಾ ಮಿನಿಲ್ಯಾಬ್‌ನಲ್ಲಿ ಬೆರಳು ಸವರುವ ಪಟ್ಟಿ. ಎಂ-ಆಡಿಯೊ ಆಕ್ಸಿಜನ್ ಸರಣಿಯಲ್ಲಿ ನಿಜವಾದ ಗಾಲಿಯಿದೆ. ತಾಳವಾದ್ಯ, ಹಿಪ್ ಹಾಪ್ ಬೀಟ್ ಕಟ್ಟುವವರಿಗೆ ಮೊದಲನೆಯದು ಚೆನ್ನ. ಕಂಪಿತ, ಜಾರು ಬೇಕಾದವರಿಗೆ ಸ್ಪ್ರಿಂಗ್‌ನಿಂದ ನಡುವಿಗೆ ಮರಳುವ ಗಾಲಿಯೇ ಕೈಗೆ ಹತ್ತುತ್ತದೆ ಎಂಬುದು ನನ್ನ ಅನುಭವ.

ಒಂದು ತೊಡಕಿದೆ. ಪಿಚ್ ಬೆಂಡ್ ಒಂದು ಚಾನೆಲ್‌ನ ಎಲ್ಲಾ ಸ್ವರಗಳನ್ನೂ ಒಟ್ಟಿಗೆ ಎಳೆಯುತ್ತದೆ. ಅದೇ ಟ್ರ್ಯಾಕಿನಲ್ಲಿ ಸ-ಪ ಹಿಡಿದು ಮೇಲೆ ಗಮಕ ತೆಗೆಯಹೋದರೆ ಶ್ರುತಿಯೂ ತೂಗಾಡುತ್ತದೆ! ಶ್ರುತಿಯನ್ನು ಬೇರೆ ಟ್ರ್ಯಾಕಿನಲ್ಲಿ ಅಥವಾ ತಂಬೂರಿ ಆ್ಯಪ್‌ನಲ್ಲಿ ಇಟ್ಟರೆ ಮುಗಿಯಿತು. ಪ್ರತಿ ಸ್ವರವನ್ನೂ ಬೇರೆಯಾಗಿ ಜಾರಿಸಬಲ್ಲ ಎಂಪಿಇ ಎಂಬ ಪದ್ಧತಿ 2018ರಲ್ಲಿ ಮಿಡಿಗೆ ಸೇರಿದೆ. ಆ ವಾದ್ಯಗಳು ದುಬಾರಿ, ಮೊದಲ ಖರೀದಿಗೆ ಬೇಡ.

ಇಷ್ಟಾದರೂ ಕಂಠಪಾಠದ ಜಾಗಕ್ಕೆ ಕೀಬೋರ್ಡ್ ತರಬೇಡಿ. ವರಸೆ, ಅಲಂಕಾರಗಳನ್ನು ಕೀಬೋರ್ಡಿನ ಆಸರೆಯಲ್ಲೇ ಹಾಡುತ್ತಾ ಹೋದರೆ ಕಿವಿ ಅದರ ಮನೆಗಳಿಗೇ ಒಗ್ಗಿಕೊಳ್ಳುವ ಸಾಧ್ಯತೆ ಇದೆ. ತಂಬೂರಿಯ ಜೊತೆ ಹಾಡಿ ಕಲಿತವರು ಆಮೇಲೆ ಕೀ ಮುಟ್ಟಿದರೆ ಯಾವುದು ಕೊರತೆ ಎಂದು ಅವರ ಕಿವಿಯೇ ಹೇಳುತ್ತದೆ.

440 ಹರ್ಟ್ಸ್ ಪಿತೂರಿ

ಇದು ವರ್ಷಕ್ಕೊಮ್ಮೆ ಸುತ್ತಿ ಬರುವ ಫಾರ್ವರ್ಡ್. 432 ಹರ್ಟ್ಸ್ 'ಪ್ರಕೃತಿಯ ಕಂಪನ'ವಂತೆ, ಮನಸ್ಸು ಕೆಡಿಸಲು ನಾಜಿಗಳು 440 ತಂದರಂತೆ. ನಡೆದದ್ದು ಇಷ್ಟು: ಊರಿಗೊಂದು ಶ್ರುತಿ ಇದ್ದ ಗೊಂದಲ ತಪ್ಪಿಸಲು 1939ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ಸಭೆ 440 ಅನ್ನು ಶಿಫಾರಸು ಮಾಡಿತು, 1955ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಒಪ್ಪಿತು. ಎರಡರ ನಡುವಿನ ಅಂತರ ಅರ್ಧಸ್ವರದ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಎಣಿಕೆ. ಸೆಕೆಂಡ್ ಮನುಷ್ಯ ಮಾಡಿಕೊಂಡ ಅಳತೆ, ಅದರಲ್ಲಿ 432ಕ್ಕೆ ವಿಶೇಷ ಮಹಿಮೆ ಎಲ್ಲಿಂದ ಬರಬೇಕು? ನಮ್ಮಲ್ಲಂತೂ ಶ್ರುತಿ ಹಾಡುವವರ ಕಂಠಕ್ಕೆ ತಕ್ಕಂತೆ. ವಿ.ವಿ. ಪುರಂನ ಗಾಯನ ಸಮಾಜದಲ್ಲಿ ಕಚೇರಿ ಕೇಳುವವರಿಗೆ ಇದು ಗೊತ್ತೇ ಇರುತ್ತದೆ. ಇನ್ನು ಕಂಟ್ರೋಲರ್ ಕಳಿಸುವುದು ಸ್ವರದ ಸಂಖ್ಯೆ ಮಾತ್ರ. ಎಷ್ಟು ಹರ್ಟ್ಸ್ ಎಂಬುದು ಆ್ಯಪ್‌ನ ಸೆಟ್ಟಿಂಗ್.

ಫೋನಿಗೆ ಜೋಡಿಸುವ ಮುನ್ನ

ಐಫೋನ್‌ನಲ್ಲಿ ಗ್ಯಾರೇಜ್‌ಬ್ಯಾಂಡ್ ಉಚಿತ. ಆಂಡ್ರಾಯ್ಡ್ 6ರಿಂದ ಈಚೆಗೆ ಮಿಡಿಗೆ ವ್ಯವಸ್ಥೆಯಿದೆ, ಬ್ಯಾಂಡ್‌ಲ್ಯಾಬ್‌ನಂಥ ಉಚಿತ ಆ್ಯಪ್ ಸಾಕು. ಒಟಿಜಿ ಅಡಾಪ್ಟರ್ ಬೇಕಾಗಬಹುದು. ಹಳೆಯ ಲ್ಯಾಪ್‌ಟಾಪ್ ಇದ್ದರೆ ಎಲ್‌ಎಂಎಂಎಸ್ ಉಚಿತವಾಗಿ ಸಿಗುತ್ತದೆ. ಅಂಗಡಿಗೆ ಹೋಗುವಾಗ ನಿಮ್ಮದೇ ಫೋನು, ನಿಮ್ಮದೇ ಅಡಾಪ್ಟರ್ ಒಯ್ದು ಜೋಡಿಸಿ, ಕೀ ಒತ್ತಿ ನೋಡಿ. ಆಮೇಲೆ ಹಣ ಕೊಡಿ.

ಇನ್ನೊಂದು ದೂರು: 'ಕೀ ಒತ್ತಿದ ಮೇಲೆ ತಡವಾಗಿ ಸದ್ದು ಬರುತ್ತದೆ, ಯಂತ್ರ ಕೆಟ್ಟಿದೆ'. ಬಹಳಷ್ಟು ಸಲ ತಪ್ಪು ಬ್ಲೂಟೂತ್ ಇಯರ್‌ಫೋನಿನದು. ಅದರಲ್ಲಿ ಸದ್ದು ಕಿವಿ ಸೇರಲು ಸೆಕೆಂಡಿನ ಹತ್ತನೇ ಒಂದು ಭಾಗವೋ, ಅದಕ್ಕೂ ಹೆಚ್ಚೋ ಹಿಡಿಯಬಹುದು. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಸದ್ದು 34 ಮೀಟರ್ ದೂರ ಹೋಗುತ್ತದೆ. ಅಂದರೆ ವಾದ್ಯವನ್ನು ಬೀದಿಯ ಆ ತುದಿಯಲ್ಲಿಟ್ಟು ಈ ತುದಿಯಲ್ಲಿ ಕುಳಿತು ನುಡಿಸಿದ ಹಾಗೆ. ಸಿನಿಮಾ ನೋಡುವಾಗ ಆ್ಯಪ್‌ಗಳು ಚಿತ್ರವನ್ನೂ ತಡಮಾಡಿ ಸರಿದೂಗಿಸುತ್ತವೆ, ನಿಮ್ಮ ಬೆರಳನ್ನು ಯಾರೂ ತಡಮಾಡಲಾರರು. ತಂತಿಯ ಇಯರ್‌ಫೋನ್ ಹಾಕಿ.

ಚಿಕ್ಕಮ್ಮನ ಮನೆಗೆ ಭಾನುವಾರ ಹೋಗಿದ್ದೆ. ಒಂದು ಅಡಾಪ್ಟರ್ ತಂದೆವು, ಆ್ಯಪ್ ಹಾಕಿದೆವು, ಹತ್ತೇ ನಿಮಿಷದಲ್ಲಿ ಪಿಟೀಲಿನ ಸದ್ದು ಬಂತು. ಹುಡುಗಿ ಮೋಹನ ನುಡಿಸಿದಳು, ತೋಡಿ ಪ್ರಯತ್ನಿಸಿ ಮುಖ ಕಿವುಚಿದಳು. "ಗ್ರೂಪಲ್ಲಿ ಹಾಕಿದ್ದನ್ನ ಏನ್ ಮಾಡ್ಲಿ ಈಗ?" ಎಂದರು ಚಿಕ್ಕಮ್ಮ. ಅಳಿಸುವ ಸಮಯ ಮೀರಿತ್ತು. ಮಗಳು ನುಡಿಸಿದ್ದನ್ನು ರೆಕಾರ್ಡ್ ಮಾಡಿ, 'ಕೀಬೋರ್ಡ್ ಸರಿಯಾಗಿದೆ, ತಪ್ಪು ನಮ್ಮದು' ಎಂದು ಬರೆದು ಅದೇ ಎರಡೂ ಗ್ರೂಪಿಗೆ ಕಳಿಸಿದರು. ಅದು ಮಾತ್ರ ಇನ್ನೂ ಜೆ.ಪಿ. ನಗರದಿಂದ ನನಗೆ ವಾಪಸ್ ಬಂದಿಲ್ಲ.