ಅಕ್ಷರವೋ, ಆಜ್ಞೆಯೋ?

ಪತ್ರವನ್ನೋದುತ್ತಿರುವ ಬಾಲಕನು ಅದರಲ್ಲಿ ‘ದೀಪವನ್ನಾರಿಸು’ ಎಂದಿರುವುದನ್ನು ಕಂಡು ಮನೆಯ ದೀಪವನ್ನೇ ಆರಿಸಿದರೆ ನಗುವೆವಷ್ಟೆ. ಉಲ್ಲೇಖಿಸಿದ ಮಾತು ಬೇರೆ, ನೆರವೇರಿಸತಕ್ಕ ಆಜ್ಞೆ ಬೇರೆ. ಈ ಭೇದವನ್ನು ತೋರಿಸಲೆಂದೇ ಸಂಸ್ಕೃತದಲ್ಲಿ ‘ಇತಿ’ಯೂ ಕನ್ನಡದಲ್ಲಿ ‘ಎಂದು’ ಎಂಬುದೂ ಇರುವುವು.

ಗಣಕಯಂತ್ರಕ್ಕೆ ಈ ವಿವೇಕವು ತಾನಾಗಿ ಬಾರದು. ಜಾಲಪುಟದ ನಮೂನೆಯಲ್ಲಿ ಒಬ್ಬರು ತುಂಬಿದ ಬರೆಹದೊಳಗೆ ಗಣಿತದ ‘ಇದಕ್ಕಿಂತ ಕಡಿಮೆ’ ಎಂಬ ಚಿಹ್ನೆಯಿದ್ದು, ಅದನ್ನು ಹಾಗೆಯೇ ಪುಟಕ್ಕೆ ಸೇರಿಸಿದರೆ, ಬ್ರೌಸರು ಅದನ್ನು ಆಜ್ಞೆಯ ಆರಂಭವೆಂದು ಗ್ರಹಿಸೀತು. 2005ರ ಅಕ್ಟೋಬರಿನಲ್ಲಿ ಮೈಸ್ಪೇಸ್ ಎಂಬ ತಾಣದಲ್ಲಿ ತರುಣನೊಬ್ಬನು ತನ್ನ ಪರಿಚಯಪುಟದೊಳಗೆ ಇಂತಹ ಆಜ್ಞೆಯನ್ನಡಗಿಸಿದನು. ನಿಷಿದ್ಧಪದಗಳನ್ನು ಅಳಿಸುವ ಕಾವಲು ಅಲ್ಲಿದ್ದಿತು. ಅವನು ಪದವನ್ನೇ ಎರಡು ಸಾಲಾಗಿ ಒಡೆದು ನುಸುಳಿದನು. ನೋಡಿದವರ ಪುಟಗಳಿಗೆಲ್ಲ ಅದು ಅಂಟಿ, ಒಂದು ದಿನದೊಳಗೆ 10 ಲಕ್ಷಕ್ಕೂ ಹೆಚ್ಚು ಪುಟಗಳನ್ನು ವ್ಯಾಪಿಸಿತು.

ಆದಕಾರಣ ಅಳಿಸುವ ಕಾವಲೊಂದನ್ನೇ ನಂಬಲಾಗದು. ಬರೆಹವನ್ನು ಇದ್ದಂತೆಯೇ ಕಾದಿರಿಸಿ, ಪುಟದಲ್ಲಿ ತೋರಿಸುವಾಗ ಆ ಚಿಹ್ನೆಯ ಬದಲು ಆಂಪರ್ಸೆಂಡ್, ‘ಎಲ್’, ‘ಟಿ’, ಸೆಮಿಕೋಲನ್ ಎಂಬೀ ನಾಲ್ಕನ್ನು ಒತ್ತಾಗಿ ಬರೆಯತಕ್ಕದ್ದು. ಆಗ ಓದುವವನ ಕಣ್ಣಿಗೆ ಚಿಹ್ನೆಯೇ ಕಾಣುವುದು. ಯಂತ್ರಕ್ಕೆ ಮಾತ್ರ ಅದು ಆಜ್ಞೆಯಾಗದು. ದತ್ತಸಂಗ್ರಹಕ್ಕೆ ಕಳುಹಿಸುವಾಗಲಾದರೋ ಆಜ್ಞೆಯನ್ನೂ ಬರೆಹವನ್ನೂ ಬೇರೆಬೇರೆಯಾಗಿಯೇ ಒಪ್ಪಿಸುವುದು ಕ್ಷೇಮ.

ಮನೆಯಲ್ಲಿ ಜಾಲಪುಟಗಳನ್ನು ರಚಿಸುವ ಮಕ್ಕಳಿದ್ದರೆ, ಈ ‘ಇತಿ’ಯನ್ನು ಮರೆಯದಂತೆ ಅವರಿಗೆ ತಿಳಿಯಹೇಳಿರಿ.