ವೆನಿಲ್ಲಾದ ಪರಿಮಳದ ಹಿಂದೆ ಯಾರ ಕೈ?

ಕಳೆದ ವಾರ ನನ್ನ ಹಳೆಯ ಶಿಷ್ಯೆಯೊಬ್ಬಳು ಮನೆಗೆ ಬಂದಿದ್ದಳು. ಮದ್ರಸದಲ್ಲಿ ನನ್ನ ಮುಂದೆ ಕುಳಿತು ಅಲಿಫ್, ಬಾ ಕಲಿತವಳು. ಈಗ ಮದುವೆಯಾಗಿ ಆರು ತಿಂಗಳು. ಪತಿ ದುಬೈಯಲ್ಲಿದ್ದಾರೆ. ಅವರಿಗೆ ರಜೆ ಸಿಕ್ಕಾಗ ಇಬ್ಬರೂ ಹತ್ತು ದಿನ ಎಲ್ಲಾದರೂ ಹೋಗಿ ಬರುವ ಯೋಚನೆ. ಅವಳ ಕೈಯಲ್ಲಿ ಟ್ರಾವೆಲ್ಸ್‌ನವರು ಕೊಟ್ಟ ಬಣ್ಣದ ಪುಸ್ತಿಕೆಯಿತ್ತು. ಅದರಲ್ಲಿ ಮಾರಿಷಸ್‌ನ ಪಕ್ಕದ ರಿಯೂನಿಯನ್ ದ್ವೀಪದ ಚಿತ್ರಗಳು. ನೀಲಿ ನೀರು, ಬಿಳಿ ಮರಳು, ತೆಂಗಿನ ಮರ.

“ಟೀಚರ್, ಕಡಲು, ತೆಂಗು ನಮ್ಮ ಉಳ್ಳಾಲದಲ್ಲೂ ಇದೆಯಲ್ಲಾ? ಅಷ್ಟು ದೂರ ಹೋಗಿ ನೋಡುವಂಥದ್ದು ಅಲ್ಲೇನಿದೆ?” ಎಂದು ಕೇಳಿದಳು.

ಪ್ರಶ್ನೆ ಸರಿಯಾಗಿಯೇ ಇತ್ತು. ಬರೇ ಕಡಲಿಗಾಗಿ ಅಷ್ಟು ದೂರ ಹೋಗಬೇಕಾಗಿಲ್ಲ. ಶಾರ್ಕ್ ದಾಳಿಗಳು ಹೆಚ್ಚಿದ ಕಾರಣ 2013ರಿಂದ ಅಲ್ಲಿ ಹವಳದ ದಂಡೆಯ ಒಳಗಿನ ತಿಳಿನೀರು ಮತ್ತು ಗುರುತಿಸಿದ ಕೆಲವು ಸ್ಥಳಗಳನ್ನು ಬಿಟ್ಟರೆ ಬೇರೆಡೆ ಕಡಲಿಗಿಳಿಯಲು ನಿರ್ಬಂಧವಿದೆ. ಆ ದ್ವೀಪದ ನಿಜವಾದ ಸೊಬಗು ಇರುವುದು ಒಳನಾಡಿನಲ್ಲಿ. ಮೂರು ಸಾವಿರ ಮೀಟರಿಗೂ ಎತ್ತರದ ಪಿಟೋನ್ ದೆ ನೇಜ್ ಶಿಖರ, ಆಗಾಗ ಲಾವಾ ಉಕ್ಕಿಸುವ ಜ್ವಾಲಾಮುಖಿ, ಬೆಟ್ಟಗಳ ನಡುವೆ ಬಟ್ಟಲಿನಂತಹ ಮೂರು ಕಣಿವೆಗಳು. ಅವುಗಳಲ್ಲಿ ಒಂದಾದ ಮಾಫಾತ್‌ಗೆ ಇಂದಿಗೂ ರಸ್ತೆಯಿಲ್ಲ. ಜನ ನಡೆದೇ ಹೋಗುತ್ತಾರೆ, ಸಾಮಾನುಗಳು ಹೆಲಿಕಾಪ್ಟರಿನಲ್ಲಿ ಬರುತ್ತವೆ. ಹಿಂದೆ ತೋಟದ ಮಾಲಿಕರಿಂದ ತಪ್ಪಿಸಿಕೊಂಡ ಗುಲಾಮರು ಅಡಗಿ ಬದುಕಿದ ಕಣಿವೆ ಅದು. ಅವರ ನಾಯಕನೊಬ್ಬನ ಹೆಸರೇ ಆ ಕಣಿವೆಗೆ ಉಳಿದಿದೆ.

ಹದಿನೇಳನೇ ಶತಮಾನದವರೆಗೆ ಈ ದ್ವೀಪದಲ್ಲಿ ಜನವಸತಿಯೇ ಇರಲಿಲ್ಲ. ಫ್ರೆಂಚರು ಬಂದರು. ದುಡಿಯಲು ಮಡಗಾಸ್ಕರ್ ಮತ್ತು ಆಫ್ರಿಕಾದಿಂದ ಗುಲಾಮರನ್ನು ತಂದರು. 1848ರ ಡಿಸೆಂಬರ್ 20ರಂದು ಗುಲಾಮಗಿರಿ ಕೊನೆಗೊಂಡಾಗ ಅರುವತ್ತು ಸಾವಿರಕ್ಕೂ ಹೆಚ್ಚು ಮಂದಿ ಸ್ವತಂತ್ರರಾದರು. ಮುಂದೆ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ದೊಡ್ಡ ಸಂಖ್ಯೆಯಲ್ಲಿ ಬಂದವರು ಭಾರತೀಯರು, ಅದರಲ್ಲೂ ತಮಿಳರು. ಈ ಎಲ್ಲರ ಮಾತು ಬೆರೆತು ಹುಟ್ಟಿದ್ದೇ ಕ್ರಿಯೋಲ್ ಭಾಷೆ. ಊಟದ ತಟ್ಟೆಯಲ್ಲೂ ಅದೇ ಬೆರಕೆ. ಅನ್ನ, ಕಾಳು, ‘ಕಾರಿ’ ಎಂಬ ಸಾರು, ‘ಅಶಾರ್’ ಎಂಬ ಉಪ್ಪಿನಕಾಯಿ, ನಮ್ಮ ಸಮೋಸಾ, ವಡೆಯಂಥ ಒಂದು ತಿಂಡಿ. 1946ರಿಂದ ಆ ದ್ವೀಪ ಫ್ರಾನ್ಸ್ ದೇಶದ ಒಂದು ಜಿಲ್ಲೆ. ಆದರೆ ಅಡುಗೆಮನೆಗೆ ಹೋದರೆ ನಿಮಗೆ ಪರಕೀಯರೆನಿಸದು.

ಸೂರತ್ ಕಡೆಯಿಂದ ಹೋದ ಗುಜರಾತಿ ಮುಸ್ಲಿಮ್ ಬಟ್ಟೆ ವ್ಯಾಪಾರಿಗಳು ರಾಜಧಾನಿ ಸೇಂಟ್ ಡೆನಿಸ್‌ನಲ್ಲಿ 1905ರಲ್ಲಿ ನೂರೆ ಇಸ್ಲಾಮ್ ಮಸೀದಿಯನ್ನು ಕಟ್ಟಿದರು. ಪ್ಯಾರಿಸಿನ ದೊಡ್ಡ ಮಸೀದಿ ಉದ್ಘಾಟನೆಯಾದದ್ದು 1926ರಲ್ಲಿ! ಹಾಗಾಗಿ ಅಲ್ಲಿ ನಮಾಝಿಗೂ ಹಲಾಲ್ ಊಟಕ್ಕೂ ತೊಂದರೆಯಿಲ್ಲ. ‘ರುಗಾಯ್ ಸೊಸೀಸ್’ ಎಂಬ ಪ್ರಸಿದ್ಧ ಖಾದ್ಯ ಮಾತ್ರ ಸಾಮಾನ್ಯವಾಗಿ ಹಂದಿ ಮಾಂಸದ್ದು, ಕೇಳಿಯೇ ತಿನ್ನಬೇಕು. ಫ್ರಾನ್ಸಿನ 2010ರ ಕಾನೂನಿನಂತೆ ಸಾರ್ವಜನಿಕ ಸ್ಥಳಗಳಲ್ಲಿ ಮುಖ ಮುಚ್ಚುವಂತಿಲ್ಲ. ಬೀದಿಯಲ್ಲಿ ತಲೆವಸ್ತ್ರ ಧರಿಸಲು ಅಡ್ಡಿಯಿಲ್ಲ.

ಇಷ್ಟನ್ನೂ ಹೇಳಿ, “ಆದರೆ ನೀನು ತಪ್ಪದೆ ಹೋಗಬೇಕಾದ ಊರು ಸೇಂಟ್ ಸುಝಾನ್” ಎಂದೆ. ಪುಸ್ತಿಕೆಯಲ್ಲಿ ಆ ಹೆಸರೇ ಇರಲಿಲ್ಲ.

1829ರಲ್ಲಿ ಆ ಊರಿನಲ್ಲಿ ಎಡ್ಮಂಡ್ ಎಂಬ ಗುಲಾಮ ಮಗು ಹುಟ್ಟಿತು. ಹೆರಿಗೆಯಲ್ಲೇ ತಾಯಿ ತೀರಿಕೊಂಡಳು. ಗುಲಾಮನಾದ ಕಾರಣ ಅವನಿಗೆ ಮನೆತನದ ಹೆಸರೂ ಇರಲಿಲ್ಲ. ಮೆಕ್ಸಿಕೋ ಮೂಲದ ವೆನಿಲ್ಲಾ ಬಳ್ಳಿಯನ್ನು ಫ್ರೆಂಚರು ಅಲ್ಲಿ ನೆಟ್ಟಿದ್ದರು. ಬಳ್ಳಿ ಹೂ ಬಿಡುತ್ತಿತ್ತು, ಕೋಡು ಕಟ್ಟುತ್ತಿರಲಿಲ್ಲ. ಪರಾಗಸ್ಪರ್ಶ ಮಾಡುವ ಮೆಕ್ಸಿಕೋದ ಜೇನ್ನೊಣಗಳು ಅಲ್ಲಿರಲಿಲ್ಲ. 1841ರಲ್ಲಿ ಹನ್ನೆರಡರ ಹುಡುಗ ಎಡ್ಮಂಡ್ ತೆಳುವಾದ ಕಡ್ಡಿಯಿಂದ ಹೂವಿನೊಳಗಿನ ಸಣ್ಣ ಪೊರೆಯನ್ನು ಎತ್ತಿ, ಹೆಬ್ಬೆರಳಿನಿಂದ ಒತ್ತಿ ಪರಾಗಸ್ಪರ್ಶ ಮಾಡಿ ತೋರಿಸಿದ. ಅವನನ್ನು ಕರೆದು ತೋಟದಿಂದ ತೋಟಕ್ಕೆ ಕಲಿಸಲು ಕಳುಹಿಸಿದರು. ದ್ವೀಪ ಶ್ರೀಮಂತವಾಯಿತು. ಅದೇ ವಿಧಾನ ಮಡಗಾಸ್ಕರ್‌ಗೂ ಹೋಯಿತು. ಇಂದಿಗೂ ವೆನಿಲ್ಲಾ ಬೆಳೆಯುವುದು ಹಾಗೆಯೇ.

ಎಡ್ಮಂಡ್‌ಗೆ ಏನು ಸಿಕ್ಕಿತು? 1848ರಲ್ಲಿ ಬಿಡುಗಡೆ ಮತ್ತು ‘ಆಲ್ಬಿಯಸ್’ ಎಂಬ ಮನೆತನದ ಹೆಸರು. ಹಣ ಸಿಗಲಿಲ್ಲ. ಒಬ್ಬ ಸಸ್ಯಶಾಸ್ತ್ರಜ್ಞರು ಈ ಶೋಧ ತಮ್ಮದೆಂದರು. ಹುಡುಗನ ಪರವಾಗಿ ಸತ್ಯ ಬರೆದವರು ಅವನ ಹಳೆಯ ಮಾಲಿಕರೇ. ಕಳ್ಳತನದ ಪ್ರಕರಣದಲ್ಲಿ ಜೈಲು ಕಂಡ ಎಡ್ಮಂಡ್ 1880ರಲ್ಲಿ ಅದೇ ಊರಿನಲ್ಲಿ ಬಡತನದಲ್ಲೇ ತೀರಿಕೊಂಡ.

ಶಿಷ್ಯೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ ಹೇಳಿದಳು: “ಟೀಚರ್, ನಮ್ಮ ಉಮ್ಮ ಕೂಡ ಈ ಕೆಲಸ ಮಾಡಿದ್ದಾರೆ.”

ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 2003ರ ಸುಮಾರಿಗೆ ಹಸಿ ವೆನಿಲ್ಲಾಕ್ಕೆ ಕಿಲೋಗೆ ಸಾವಿರಾರು ರೂಪಾಯಿ ಬಂದಿತ್ತು. ನಮ್ಮ ಜಿಲ್ಲೆಯ, ಮಲೆನಾಡಿನ ತೋಟಗಳಲ್ಲೆಲ್ಲ ಅದೇ ಬಳ್ಳಿ. ಹೂ ಅರಳುವುದು ಒಂದೇ ದಿನ, ಅದೂ ಬೆಳಿಗ್ಗೆ. ಅವಳ ಉಮ್ಮ ಬೆಳಗಿನ ಅಡುಗೆ ಮುಗಿಸಿ ಬೇರೆಯವರ ತೋಟಕ್ಕೆ ಹೋಗಿ ದಿನಕ್ಕೆ ನೂರಾರು ಹೂಗಳನ್ನು ಮುಟ್ಟುತ್ತಿದ್ದರಂತೆ. ಎರಡು ವರ್ಷ ಕಳೆಯುವಷ್ಟರಲ್ಲಿ ಬೆಲೆ ಕುಸಿಯಿತು, ಜನ ಬಳ್ಳಿ ಕಿತ್ತರು. “ಕೂಲಿ ಎಷ್ಟು ಸಿಕ್ಕಿತೆಂದು ನಾವು ಮಕ್ಕಳು ಒಮ್ಮೆಯೂ ಕೇಳಲಿಲ್ಲ ಟೀಚರ್” ಎಂದಳು.

ಸಹೋದರಿಯರೇ, ರಜೆಯಲ್ಲಿ ವಿಶ್ರಾಂತಿ ಬೇಕು, ಸಂತೋಷವೂ ಬೇಕು. ಆದರೆ ಹೋದ ಊರಿನಲ್ಲಿ ಕಡಲಿನ ಚಿತ್ರ ತೆಗೆದು ಬರುವುದಷ್ಟೇ ಪ್ರವಾಸವಲ್ಲ. ಆ ತೋಟ, ಆ ಊಟ, ಆ ಪರಿಮಳ ಯಾರ ಕೈಯಿಂದ ಬಂತೆಂದು ಕೇಳಿದರೆ ಆ ಊರು ನಮ್ಮೊಡನೆ ಮಾತಾಡುತ್ತದೆ. ಮನೆಗೆ ಮರಳಿದ ಮೇಲೆ ನಮ್ಮ ಊಟದ ತಟ್ಟೆಯ ಮುಂದೆಯೂ ಅದೇ ಪ್ರಶ್ನೆ ಕೇಳುವ ಅಭ್ಯಾಸವಾಗುತ್ತದೆ.

ಹೊರಡುವಾಗ ಶಿಷ್ಯೆ ಪುಸ್ತಿಕೆಯ ಹಿಂಬದಿಯಲ್ಲಿ ‘ಸೇಂಟ್ ಸುಝಾನ್’ ಎಂದು ಬರೆದುಕೊಂಡಳು. “ಅವರಿಗೆ ಫೋನಿನಲ್ಲಿ ಆಮೇಲೆ ಹೇಳುತ್ತೇನೆ. ಮೊದಲು ಉಮ್ಮನಿಗೆ ಈ ಹುಡುಗನ ಕಥೆ ಹೇಳಬೇಕು” ಎಂದಳು.